ಬಿಸಿಲಿಗೆ ಹಾಕಿದ ಭೌತಶಾಸ್ತ್ರ

ಸೂರ್ಯನನ್ನು ಕಾಲೇಜಿನ ಕೆಲಸಕ್ಕೆ ಹಚ್ಚುವುದು ಅಂಥ ಕಷ್ಟವೇನಲ್ಲ ಎಂದು ನಾನು ನಂಬಿದ್ದ ಕಾಲವದು. ಕೋಲ್ಕತ್ತಾದ ಹುಡುಗರೆಲ್ಲ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕೆಲಸದ ಬೆನ್ನು ಹತ್ತಿದ್ದರು. ನಾನು ಕಲಿಸುವ ಭೌತಶಾಸ್ತ್ರದ ಕಡೆ ನೊಣವೂ ಸುಳಿಯುತ್ತಿರಲಿಲ್ಲ. "ನಿಮ್ಮ ಪ್ರಯೋಗಾಲಯ ಕಂಪ್ಯೂಟರಿನವರಿಗೆ ಕೊಟ್ಟುಬಿಡೋಣ," ಎಂದರು ಪ್ರಿನ್ಸಿಪಾಲರು. ನಾನು ಕೊನೆಯ ಅವಕಾಶ ಬೇಡಿದೆ. ಛಾವಣಿಯ ಮೇಲೆ ನಾಲ್ಕು ಸೋಲಾರ್ ಪ್ಯಾನಲ್, ಕೆಳಗೆ ಪ್ರಯೋಗಾಲಯದಲ್ಲಿ ಒಂದು ಫ್ಯಾನ್. ಬ್ಯಾಟರಿ ಇಲ್ಲ, ಬಿಲ್ಲೂ ಇಲ್ಲ!

"ಫ್ಯಾನ್ ತಿರುಗಿದರೆ ಕೋಣೆ ನಿಮ್ಮದೇ," ಎಂದರು.

ಪ್ಯಾನಲ್ ಕೂರಿಸಿದ ದಿನ ಹೆಂಡತಿ ಶಾರದೆಯನ್ನು ಛಾವಣಿಗೆ ಕರೆದೊಯ್ದೆ. ನಮ್ಮದು ಧಾರವಾಡ ಕಡೆಯ ಮಾತು.

"ನೋಡು, ಇಡೀ ಕ್ಯಾಂಪಸ್‌ನಾಗ ಇಷ್ಟು ಛಲೋ ಬಿಸಲು ಬ್ಯಾರೆ ಎಲ್ಲೂ ಬೀಳಂಗಿಲ್ಲ. ಲೆಕ್ಕಾ ಹಾಕಿ ಆರಿಸೀನಿ!"

"ಹೌದೇನ್ರೀ?" ಎಂದಳು ಎಂದೂ ಇಲ್ಲದ ಗೌರವದಿಂದ. "ಕ್ವಾರ್ಟರ್ಸಿನ ಹೆಂಗಸರಿಗೂ ಹೇಳ್ಲೇನು?"

"ಹೇಳು, ಹೇಳು! ವಿಜ್ಞಾನ ಎಲ್ಲಾರಿಗೂ ಮುಟ್ಟಬೇಕು."

ಆಮೇಲೆ ಚಳಿಗಾಲದ ಎಳೆಬಿಸಿಲಿನಲ್ಲಿ ಕಿತ್ತಳೆ ಸುಲಿಯುತ್ತಾ ಕಣ್ಣು ಮುಚ್ಚಿದೆ. ಕನಸಿನಲ್ಲಿ ಟ್ರಾಮುಗಳು ಬಿಸಿಲು ಕುಡಿದು ತೇಲಿದಂತೆ ಓಡಿದವು. ಸಿಯಾಲ್ದಾ ರೈಲು ನಿಲ್ದಾಣದ ಗದ್ದಲವೆಲ್ಲ ಜೋಗುಳವಾಯಿತು. ಸೆಕ್ಟರ್ ಫೈವ್‌ಗೆ ಹೋದ ಹುಡುಗರು ಸಾಲುಗಟ್ಟಿ ನನ್ನ ತರಗತಿಗೆ ಮರಳಿದರು. ಆಹಾ, ಎಷ್ಟು ಹಿತವಾಗಿತ್ತು!

ಉದ್ಘಾಟನೆಯ ದಿನ ಹೊರಗೆ ಚಿನ್ನದಂಥ ಬಿಸಿಲು. ಪ್ರಿನ್ಸಿಪಾಲರು ಮಂಕಿ ಕ್ಯಾಪ್ ಸರಿಪಡಿಸಿಕೊಂಡು ರಿಬ್ಬನ್ ಕತ್ತರಿಸಿದರು. ನಾನು ಮೊದಲ ಸಲ ಫ್ಯಾನಿಗೆ ತಂತಿ ಸಿಕ್ಕಿಸಿದೆ. ಎಲ್ಲರೂ ತಲೆ ಎತ್ತಿದರು. ಫ್ಯಾನ್ ಅಲ್ಲಾಡಲಿಲ್ಲ!

ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಬೆಂಚು ಹತ್ತಿ ಸ್ಕೇಲಿನಿಂದ ರೆಕ್ಕೆ ತಳ್ಳಿದೆ. ಒಂದು ಸುತ್ತು ತಿರುಗಿತು. ಯಾರೋ ಚಪ್ಪಾಳೆ ತಟ್ಟಿದರು. ನಿಂತಿತು. ಕೋಣೆ ಹೋಯಿತಲ್ಲಪ್ಪಾ ಎಂದು ಛಾವಣಿಗೆ ಓಡಿದೆ.

ನಾಲ್ಕೂ ಪ್ಯಾನಲ್‌ಗಳ ಮೇಲೆ ರಜಾಯಿಗಳು! ಚಳಿಗಾಲ ಬಂದರೆ ಹಾಸಿಗೆ ಹೊದಿಕೆ ಬಿಸಿಲಿಗೆ ಹಾಕದ ಮನೆ ಈ ಊರಿನಲ್ಲಿಲ್ಲ. ಪಕ್ಕದಲ್ಲೇ ಹೆಂಗಸರು ಕಿತ್ತಳೆ ತಿನ್ನುತ್ತಿದ್ದರು.

"ಶಾರದಾ! ಏನಿದು?"

"ನೀವೇ ಹೇಳಿದ್ರಲ್ಲ, ಇಷ್ಟು ಛಲೋ ಬಿಸಲು ಎಲ್ಲೂ ಬೀಳಂಗಿಲ್ಲ ಅಂತ? ಆ ಕೆಂಪನೇದು ಪ್ರಿನ್ಸಿಪಾಲರ ಮನೀದು. ಮೆತ್ತಗ ಮುಟ್ರಿ!"

ಬಾಚಿ ತೆಗೆದೆ. ಕೆಳಗೆ ಫ್ಯಾನ್ ಭರ್ರೆಂದು ತಿರುಗಿತು. ಗೆದ್ದೆ! ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೂಗು ಕೇಳಿಸಿತು.

"ಬಂದ್ ಕರೋ! ಬಂದ್ ಕರೋ!"

ಮೈಕೊರೆಯುವ ಚಳಿಯಲ್ಲಿ ತಲೆಯ ಮೇಲೆ ಫ್ಯಾನ್ ಬಿಟ್ಟರೆ ಯಾರು ಸುಮ್ಮನಿರುತ್ತಾರೆ? ಪ್ರಿನ್ಸಿಪಾಲರು ಸೀನಿನ ಮೇಲೆ ಸೀನು ಸೀನುತ್ತಿದ್ದರು. ಬಂದ್ ಮಾಡೋಣವೆಂದರೆ, ಸೂರ್ಯನಿಗೆ ಸ್ವಿಚ್ ಯಾಕೆ ಎಂದು ನಾನು ಸ್ವಿಚ್ಚನ್ನೇ ಇಟ್ಟಿರಲಿಲ್ಲ!

ಕೆಳಗೆ ಓಡಿ ತಂತಿ ಕೀಳುವಷ್ಟು ಪುರಸೊತ್ತಿಲ್ಲದೆ, ರಜಾಯಿಗಳನ್ನು ನನ್ನ ಕೈಯಾರೆ ಮತ್ತೆ ಹರವಿದೆ. ಫ್ಯಾನ್ ನಿಂತಿತು.

ಪ್ರಯೋಗಾಲಯ ಕಂಪ್ಯೂಟರಿನವರ ಪಾಲಾಯಿತು. ಆದರೆ ಪ್ರಿನ್ಸಿಪಾಲರ ಮನೆಯವರಿಗೆ ಆ ದಿನದ ಬೆಚ್ಚನೆಯ ರಜಾಯಿ ಬಹಳ ಹಿಡಿಸಿತಂತೆ. ಹೀಗಾಗಿ ಛಾವಣಿಯನ್ನು ಮಾತ್ರ ನನಗೆ ಬಿಟ್ಟರು. ಈಗಲೂ ಚಳಿಗಾಲದಲ್ಲಿ ಅಲ್ಲೇ ಕುಳಿತು ಟ್ರಾಮಿನ ಕನಸು ಕಾಣುತ್ತೇನೆ. ಬಿಸಿಲು ಸರಿದಾಗ ಹೆಂಗಸರು ಕೆಳಗಿನಿಂದ ಕೂಗುತ್ತಾರೆ. ಎದ್ದು ರಜಾಯಿಗಳ ಮಗ್ಗುಲು ಬದಲಿಸುತ್ತೇನೆ.