ದೊಡ್ಡವ್ವನ ಹಲ್ಲು, ದೊಡ್ಡವ್ವನ ಓಟು

ಓಟಿನ ಕಾರ್ಡಿನಲ್ಲಿರುವ ಮುಖ ತನ್ನದೇ ಎಂದು ಮನಸಾರೆ ಒಪ್ಪಿಕೊಂಡವರನ್ನು ನಾನು ಕಂಡಿದ್ದು ಕಡಿಮೆ. ನಮ್ಮ ಗುರುಬಾಯಿ ದೊಡ್ಡವ್ವ ಮಾತ್ರ ಬೇರೆ. ಆಳಂದದಿಂದ ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾಕ್ಕೆ ಸೊಸೆಯಾಗಿ ಬಂದ ಆಕೆಗೆ ತನ್ನ ಕಾರ್ಡಿನ ಫೋಟೋ ಎಂದರೆ ಪ್ರಾಣ. ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡ ವಾರವೇ ತೆಗೆಸಿದ್ದು. ಬಾಯಿ ತುಂಬ ನಕ್ಕಿದ್ದಳು.

ಆಮೇಲೆ ಬರ ಬಿತ್ತು. ಓಣಿಗೆ ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಎಲ್ಲರೂ ಒಂದೊಂದು ತ್ಯಾಗ ಮಾಡಿದೆವು. ನಾನು ದಿನಾ ಸ್ನಾನ ಮಾಡುವುದನ್ನು ಬಿಟ್ಟೆ. ಅದು ತ್ಯಾಗವೆಂದು ನನ್ನ ಹೆಂಡತಿ ಇವತ್ತಿಗೂ ಒಪ್ಪುವುದಿಲ್ಲ. ದೊಡ್ಡವ್ವ ಹಲ್ಲನ್ನೇ ಬಿಟ್ಟಳು. "ಇದನ್ನ ತೊಳಿಯೋ ನೀರಿನಾಗ ಎರಡ ಕಪ್ ಚಾ ಆಗ್ತದ" ಎಂದು ಸೆಟ್ಟನ್ನು ಡಬ್ಬಿಗೆ ಹಾಕಿ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನತೊಡಗಿದಳು.

ಮತದಾನದ ದಿನ ಆಕೆಯನ್ನು ಶಾಲೆಗೆ ಕರೆದೊಯ್ದೆ. ಅಧಿಕಾರಿ ಕಾರ್ಡು ನೋಡಿದರು, ದೊಡ್ಡವ್ವನ ಬೊಚ್ಚುಬಾಯಿ ನೋಡಿದರು, ಮತ್ತೆ ಕಾರ್ಡು ನೋಡಿದರು. ಪಕ್ಕದಲ್ಲಿದ್ದ ಪಕ್ಷದ ಏಜೆಂಟ್ ಮರಾಠಿಯಲ್ಲಿ, "ಆಜಿ, ಹ್ಯಾ ತುಮ್ಹಿ ನಾಹಿ" ಎಂದ. ಈಕೆ ನೀವಲ್ಲವಂತೆ!

"ಬಿಡು ದೊಡ್ಡವ್ವಾ, ಒಂದು ಓಟಿಲೆ ಏನಾಗ್ತದ, ಮನಿಗಿ ಹೋಗೂಣು" ಎಂದೆ.

ದೊಡ್ಡವ್ವನ ಬೆನ್ನು ನೆಟ್ಟಗಾಯಿತು. "ಸೊಸಿಯಾಗಿ ಬಂದಾಗಿಂದ ಒಂದೂ ಓಟ್ ಬಿಟ್ಟಿಲ್ಲ ನಾ. ನಾ ನಾನಲ್ಲಂದ್ರ ಮತ್ಯಾರು? ಸಾಹೇಬ್ರ, ನೀವು ಕೂಡ್ರಿ. ನೀ ಓಡು, ನನ್ನ ಡಬ್ಬಿ ತಗೊಂಡು ಬಾ!"

ನನ್ನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಬೆಳೆಸಿದ ಹೊಟ್ಟೆಯನ್ನು ಹೊತ್ತುಕೊಂಡು ಓಡಿದೆ. ಡಬ್ಬಿ ತಂದರೆ, ಹಲ್ಲಿನ ಮೇಲೆ ಧೂಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಅದರ ಮೇಲೆ ತನ್ನ ಬಾಟಲಿಯ ನೀರು ಸುರಿದಳು. ಆ ಬೇಸಿಗೆಯಲ್ಲಿ ಅದೆಂಥ ದಾನವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದೊಡ್ಡವ್ವ ಹಲ್ಲು ಕೂರಿಸಿಕೊಂಡು, ಸೆರಗು ಸರಿಮಾಡಿ, ಅಧಿಕಾರಿಯ ಎದುರು ನಿಂತು ನಕ್ಕಳು. ಥೇಟ್ ಫೋಟೋ! "ಹ್ಯಾಚ ಆಜಿ!", ಇವರೇ ಆ ಅಜ್ಜಿ, ಎಂದು ಅಧಿಕಾರಿಯೇ ನಕ್ಕುಬಿಟ್ಟರು. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಶಾಯಿಯ ಬೆರಳನ್ನು ಮೇಲೆತ್ತಿಕೊಂಡು ಆಕೆ ಹೊರಬಂದ ಗತ್ತು ಗೆದ್ದ ಅಭ್ಯರ್ಥಿಗೂ ಬಂದಿರಲಿಕ್ಕಿಲ್ಲ.

ಮುಂದಿನ ಸರದಿ ನನ್ನದು. ಅಧಿಕಾರಿ ಕಾರ್ಡಿನಲ್ಲಿದ್ದ ದಟ್ಟ ಗುಂಗುರು ಕೂದಲನ್ನು ನೋಡಿ, ನನ್ನ ನುಣ್ಣನೆಯ ತಲೆಯನ್ನು ನೋಡಿ, ಹುಬ್ಬೇರಿಸಿದರು. ಇದನ್ನು ತರಲು ಯಾವ ಡಬ್ಬಿಗೆ ಓಡಲಿ? ಅಷ್ಟರಲ್ಲಿ ಬಾಗಿಲಿನಿಂದ ದೊಡ್ಡವ್ವನ ಸ್ಪಷ್ಟವಾದ ದನಿ ಬಂತು: "ಅಂವಾ ನಮ್ಮವನೇ ಹಾನ್ರೀ ಸಾಹೇಬ್ರ. ಕೂದಲಾ ಹೋಗ್ಯಾವ, ಮನಷ್ಯಾ ಅಂವನೇ!"

ಸ್ವಂತ ಅಂಗಡಿಯ ಮಾಲೀಕನಾದ ನಾನು ಹೀಗೆ ಮುದುಕಿಯೊಬ್ಬಳ ಜಾಮೀನಿನ ಮೇಲೆ ಓಟು ಹಾಕಿ ಬಂದೆ.