ಗಂಡುಗಲಿಯ ಶ್ರೇಯಾಂಕ

ಕುದುರೆಯ ಯೋಗ್ಯತೆಯನ್ನು ಅದರ ಹಿಂದಿನ ಸಾಧನೆಯಿಂದ ಮಾತ್ರ ಅಳೆಯತಕ್ಕದ್ದು ಎಂಬುದು ರೇಸ್‌ಕೋರ್ಸಿನ ಮೊದಲನೆಯ ನಿಯಮ. ಅದರ ಪ್ರಕಾರ ಶ್ರೇಯಾಂಕದಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಗಂಡುಗಲಿ. ಅದು ಸತ್ತು ಬಹಳ ಕಾಲವಾಗಿತ್ತು. ಆದರೆ ಓಡದ ಕುದುರೆ ಸೋಲುವುದಿಲ್ಲ, ಸೋಲದ ಕುದುರೆಯ ಅಂಕ ಇಳಿಯುವುದಿಲ್ಲ. ಆದಕಾರಣ ಅದರ ಖಾಲಿ ಲಾಯಕ್ಕೆ ದಿನವೂ ಹುರುಳಿ, ಹಸಿಹುಲ್ಲು ಮಂಜೂರಾಗುತ್ತಿತ್ತು. ಶ್ರೇಯಾಂಕಾಧಿಕಾರಿಗಳ ಮನೆಯ ಹಸುಗಳು ಚೆನ್ನಾಗಿ ಮೈ ತುಂಬಿಕೊಂಡಿದ್ದವು.

ಎಲ್ಲಕ್ಕಿಂತ ಕೆಳಗಿದ್ದದ್ದು ಚಿಟ್ಟೆ ಎಂಬ ಹೆಣ್ಣು ಕುದುರೆ. ಕೆಳಗಿನದನ್ನು ತಿಂಗಳ ಕೊನೆಗೆ ಕಟುಕನಿಗೆ ಒಪ್ಪಿಸತಕ್ಕದ್ದು ಎಂಬುದು ಎರಡನೆಯ ನಿಯಮ. ಅದನ್ನು ಮರಿಯಿಂದ ಸಾಕಿದ ಲಾಯದ ಆಳಿಗೆ ಅನ್ನ ಸೇರದಾಯಿತು. ಆ ತಿಂಗಳ ಕೊನೆಯ ರೇಸಿನ ದಿನ ಅದರ ಕಿವಿಯಲ್ಲಿ, "ಓಡೇ ನನ್ನವ್ವ, ಪ್ರಾಣ ಉಳಿಸ್ಕೋ" ಎಂದ. ಚಿಟ್ಟೆ ಉಳಿದವನ್ನೆಲ್ಲ ಹಿಂದೆ ಹಾಕಿ ಗೆದ್ದೇಬಿಟ್ಟಿತು.

ಆಳು ಕುಣಿಯುತ್ತ ಅಧಿಕಾರಿಗಳ ಕೋಣೆಗೆ ನುಗ್ಗಿದ. "ಸ್ವಾಮಿ, ಗೆದ್ದುಬಿಟ್ಳು! ಅಂಕ ಕೊಡಿ."

"ಗೆದ್ದದ್ದು ಯಾವಾಗ?"

"ಈಗ್ತಾನೇ. ನೀವೇ ಎದ್ದು ನಿಂತು ಚಪ್ಪಾಳೆ ಹೊಡೆದ್ರಲ್ಲ!"

"ಹಾಗಾದ್ರೆ ಅದು ಇವತ್ತಿನ ಸಾಧನೆ ಆಯ್ತಲ್ಲಪ್ಪ. ನಾವು ನೋಡೋದು ಹಿಂದಿನದು."

"ನಾಳೆ ಹೊತ್ತಿಗೆ ಇದೂ ಹಿಂದಿನದೇ ಅಲ್ವಾ ಸ್ವಾಮಿ?"

"ತಾನಾಗೇ ಆಗಿಬಿಟ್ರೆ ನಾವಿಲ್ಲಿ ಕೂತಿರೋದು ನೊಣ ಹೊಡೆಯೋಕಾ? ಸಮಿತಿ ಸೇರಬೇಕು, ಇದು ಹಿಂದಿನದು ಅಂತ ತೀರ್ಮಾನ ಮಾಡಬೇಕು. ಮುಂದಿನ ವರ್ಷ ಸೇರುತ್ತೆ."

"ಅಲ್ಲೀವರೆಗೆ ಅವಳು ಬದುಕಿರಬೇಕಲ್ಲ!"

"ಗಂಡುಗಲಿಗೆ ಸತ್ತಿದ್ದರಿಂದ ಏನಾದ್ರೂ ಅಡ್ಡಿ ಬಂತಾ?" ಎಂದು ಅಧಿಕಾರಿಗಳು ಶಾಂತವಾಗಿ ಕೇಳಿದರು.

ಇವರ ನಿಯಮಕ್ಕೆ ಬೆಂಕಿ ಬೀಳ ಎಂದು ಗೊಣಗಿಕೊಂಡು ಆಳು ಹೊರಬಿದ್ದವನೇ ಚಿಟ್ಟೆಯನ್ನು ಗಂಡುಗಲಿಯ ಲಾಯದಲ್ಲಿ ಕಟ್ಟಿಹಾಕಿದ. ಅಧಿಕಾರಿಗಳು ಬಂದು ನೋಡಿದರು. ಒಳಗೆ ಹೆಣ್ಣು ಕುದುರೆ, ಬಾಗಿಲ ಮೇಲಿನ ಫಲಕದಲ್ಲಿ ಗಂಡುಗಲಿ. ಅವರು ಫಲಕವನ್ನು ನಂಬಿದರು. ಕಟುಕನೂ ನಿಯಮಕ್ಕೆ ಅಂಜುವ ಮನುಷ್ಯ, ತಿಂಗಳ ಕೊನೆಗೆ ಖಾಲಿ ಲಾಯ ನೋಡಿಯೂ ಚಿಟ್ಟೆ ತನಗೆ ಮುಟ್ಟಿತು ಎಂದು ಹೇಳಿಬಿಟ್ಟ.

ಮುಂದಿನ ರೇಸಿನಲ್ಲಿ ಗಂಡುಗಲಿ ಗೆದ್ದಿತು. "ನೋಡಿದ್ರಾ? ನಮ್ಮ ಪದ್ಧತಿ ಸುಳ್ಳಾಗಲ್ಲ," ಎಂದು ಅಧಿಕಾರಿಗಳು ಅದರ ಮೇವನ್ನು ಇಮ್ಮಡಿ ಮಾಡಿಸಿದರು. ಹೀಗಾಗಿ ಹಸುಗಳಿಗೂ ಕೊರತೆಯಾಗಲಿಲ್ಲ.

ಇಷ್ಟು ಯಶಸ್ವಿಯಾದ ಪದ್ಧತಿಯನ್ನು ನೌಕರರಿಗೂ ಅನ್ವಯಿಸಲಾಯಿತು. ಲಾಯದ ಆಳು ಎಲ್ಲರಿಗಿಂತ ಕೆಳಗೆ ಬಂದ, ಅವನನ್ನು ತೆಗೆದುಹಾಕಲಾಯಿತು. ಎಲ್ಲರಿಗಿಂತ ಮೇಲೆ ಬಂದವನು ಹಿಂದೆ ಅದೇ ಕೆಲಸದಲ್ಲಿದ್ದು ತೀರಿಕೊಂಡ ಅವನ ಅಪ್ಪ.

ಮರುದಿನ ಹಾಜರಿ ಕೂಗುವಾಗ ಅಪ್ಪನ ಹೆಸರು ಬಂತು. "ಇದ್ದೀನಿ ಸ್ವಾಮಿ," ಎಂದ ಮಗ.

ಅಧಿಕಾರಿಗಳು ತಲೆ ಎತ್ತಲಿಲ್ಲ. "ನಿನ್ನ ಮಗನನ್ನ ತೆಗೀಬೇಕಾಯ್ತು ಯಜಮಾನ. ಬೇಜಾರು ಮಾಡ್ಕೋಬೇಡ."

"ಇರಲಿ ಬಿಡಿ ಸ್ವಾಮಿ. ಅವನು ಮೊದಲಿಂದ್ಲೂ ಹಾಗೇ."

ಸಂಜೆ ಮನೆಯಲ್ಲಿ ಆಳಿನ ಹೆಂಡತಿ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಕೆಲಸ ಉಳಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟು, ಬಾಗಿಲಿನಿಂದ ಮರ್ಯಾದೆಯಾಗಿ ಪಕ್ಕಕ್ಕೆ ಸರಿದು ನಿಂತಳು. "ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ ಮಾವ," ಎಂದಳು.

ಅವತ್ತಿನಿಂದ ಅವನ ಹಾಸಿಗೆ ಹೊರಗಿನ ಕೋಣೆಯಲ್ಲಿ.