ಕೆಂಪಗಾಗದ ಬಿಸಿ

ಚೆನ್ನಾಗಿರುವ ವಸ್ತುವನ್ನು ಅದರ ಪಾಡಿಗೆ ಬಿಡುವುದು ನನ್ನಿಂದ ಆಗದ ಕೆಲಸ. ಇಸ್ತ್ರಿಪೆಟ್ಟಿಗೆ ಬಿಚ್ಚಿದ್ದೇನೆ, ಗೋಡೆ ಗಡಿಯಾರ ಬಿಚ್ಚಿದ್ದೇನೆ. ಮತ್ತೆ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದರೆ ಕಂಪನಿಯವರೇ ಹೆಚ್ಚಿಗೆ ಹಾಕಿದ್ದರು ಎಂದು ಹೆಂಡತಿ ಗಿರಿಜಳಿಗೆ ಹೇಳಿದ್ದೇನೆ. ಹೀಗಿರುವಾಗ ಮನೆಗೆ ಬಂದ ಕಂಪ್ಯೂಟರಿನ ಗತಿ ಏನಾಗಬೇಕಿತ್ತೋ ಅದೇ ಆಯಿತು. ಶಿವಮೊಗ್ಗದ ಓಣಿ ಓಣಿಯಲ್ಲೂ ಸೈಬರ್ ಕೆಫೆ ಬಾಗಿಲು ತೆರೆಯುತ್ತಿದ್ದ ಕಾಲ. ಬ್ಯಾಂಕಿನ ಕೆಲಸ ಮುಗಿಸಿ ಅಲ್ಲಿ ಹೋಗಿ ಕೂರುತ್ತಿದ್ದ ನನಗೆ ಇಂಟರ್‌ನೆಟ್ಟಿನಲ್ಲಿ ಒಂದು ಹೊಸ ವಿಚಾರ ಸಿಕ್ಕಿತು. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸಬಹುದಂತೆ, ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರಂತೆ, ಬಿಡಿಕಾಸಿನ ಖರ್ಚೂ ಇಲ್ಲವಂತೆ. ವಿಪರೀತ ಬಿಸಿಯಾದೀತು, ಎಚ್ಚರ ಎಂದೂ ಬರೆದಿತ್ತು. ಎಚ್ಚರಿಕೆಯ ಸಾಲುಗಳು ಬಂದಾಗ ನನ್ನ ಕಣ್ಣು ಸ್ವಲ್ಪ ಬೇಗ ಓಡುತ್ತದೆ.

ವೇಗ ಏರಿಸಿದೆ. ಏರಿಸಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಭದ್ರಾವತಿಯ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಗಿರಿಜಳ ತಂಗಿ ಶೈಲಳ ಮದುವೆ ಕಾರ್ಡಿನ ಮಾತು ಬಂತು. ಅವರ ಮನೆಯಲ್ಲಿ ಕರೆಯೋಲೆಯ ಮೊದಲ ಪ್ರತಿಯನ್ನು ಸೋಮವಾರ ಮನೆದೇವರ ಮುಂದಿಡಬೇಕು. ಆಮೇಲೆಯೇ ಬಳಗದವರನ್ನು ಕರೆಯಲು ಹೊರಡುವುದು. "ಆ ಮೊದಲ ಪ್ರತಿ ನಾನೇ ಮಾಡಿಕೊಡ್ತೀನಿ ಮಾವ. ಬಣ್ಣದ ನಂದಿ, ಸುತ್ತ ಬಳ್ಳಿ, ಎಲ್ಲಾ ನನ್ನ ಕಂಪ್ಯೂಟರಲ್ಲೇ. ಈಗ ಅದರ ವೇಗ ನೀವು ನೋಡ್ಬೇಕು" ಎಂದೆ. ಗಿರಿಜ ಎಲೆಯಿಂದ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. ನಾನು ಆ ಕಡೆ ತಿರುಗಲಿಲ್ಲ.

ಮನೆಗೆ ಬಂದು ಕೆಲಸ ಹಿಡಿದರೆ ಕಂಪ್ಯೂಟರ್ ನಡುವೆಯೇ ಕಲ್ಲಾಗಿ ಕೂರತೊಡಗಿತು. ಮೌಸ್ ಅಲ್ಲಾಡದು, ಕೀಲಿ ಒತ್ತಿದರೆ ಉತ್ತರವಿಲ್ಲ. ಬಿಸಿಯೇ ಕಾರಣವೇ? ಬೇರೆ ಏನಾದರೂ ಇರಬಹುದೇ? ತಿಳಿಯುವುದು ಹೇಗೆ? ಆಫ್ ಮಾಡಿ ಆನ್ ಮಾಡಿ, ನಾನು ವೇಗ ಏರಿಸಿದ್ದ ನೀಲಿ ಸೆಟ್ಟಿಂಗ್ ಪರದೆಗೆ ಹೋದರೆ ಬಿಸಿ ಎಷ್ಟೆಂದು ತೋರಿಸುತ್ತಿತ್ತು, ನಿಜ. ಆದರೆ ಅಷ್ಟರಲ್ಲಿ ಕೆಲಸ ನಿಂತು ಅದು ತಣ್ಣಗಾಗಿಬಿಟ್ಟಿರುತ್ತಿತ್ತು, ಡಾಕ್ಟರ ಬಾಗಿಲು ಕಂಡ ಕೂಡಲೇ ಹೊಟ್ಟೆನೋವು ವಾಸಿಯಾಗುವ ಮಕ್ಕಳ ಹಾಗೆ. ಸೈಬರ್ ಕೆಫೆಗೆ ಹೋಗಿ ಇಂಟರ್‌ನೆಟ್ಟಿನಲ್ಲಿ ಕೇಳಿದರೆ, ಕಿಟಕಿಯಾಚೆ ಹಿಮ ಬೀಳುವ ಊರಿನ ಒಬ್ಬ ಮಹಾನುಭಾವ "ಕೋಣೆಯ ಬಿಸಿಗಿಂತ ತುಸು ಹೆಚ್ಚಿದ್ದರೆ ಚಿಂತೆಯಿಲ್ಲ" ಎಂದು ಬರೆದಿದ್ದ. ಶಿವಮೊಗ್ಗದ ಏಪ್ರಿಲ್ ತಿಂಗಳ ಕೋಣೆಯಲ್ಲಿ ನಾನೇ ಕರಗುತ್ತಿದ್ದೆ.

ಗಿರಿಜ ಒಂದು ದಿನ ಬಂದು, ನಾನು ಮುಚ್ಚಳ ತೆಗೆದಿದ್ದ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಪ್ರೊಸೆಸರಿನ ಮೇಲಿದ್ದ ಅಲ್ಯೂಮಿನಿಯಂ ತುಂಡಿಗೆ ಬೆರಳು ತಾಗಿಸಿ "ಸ್ಸ್" ಎಂದು ಎಳೆದುಕೊಂಡಳು. "ಕಾವಲಿ ಕಾದಿದೆ, ಹಿಟ್ಟು ತರ್ಲಾ? ರೀ, ಮೊದಲಿದ್ದ ವೇಗಕ್ಕೇ ಇಳ್ಸಿ ನೋಡಿ. ಆಗ ನಿಲ್ದೇ ಇದ್ರೆ ನೀವು ಏರಿಸಿದ್ದೇ ತಪ್ಪು ಅಂತ ಗೊತ್ತಾಗುತ್ತಲ್ಲ."

ಅದೇ ತಾನೇ ತೊಂದರೆ! ಗೊತ್ತಾಗಿಬಿಡುತ್ತದಲ್ಲ. "ಇಳಿಸೋ ಮಾತೇ ಇಲ್ಲ ಮಾರಾಯ್ತಿ" ಎಂದೆ. ಪೆಟ್ಟಿಗೆಯನ್ನು ತೆರೆದೇ ಬಿಟ್ಟು, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿ ಇಟ್ಟೆ. ನಾವಿಬ್ಬರೂ ದಿನಪತ್ರಿಕೆಯಲ್ಲಿ ಗಾಳಿ ಹಾಕಿಕೊಂಡೆವು.

ಭಾನುವಾರ ಬೆಳಿಗ್ಗೆ ಕಾರ್ಡು ಒಯ್ಯಲು ಮಾವ ಬಂದರು. ಅವರು ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ನಿಂತೇ ತಲೆ ನರೆಸಿಕೊಂಡವರು. ಒಲೆಯಿಂದ ಇಳಿಸಿದ ಕಾಫಿಯನ್ನು ನೀರಿನಂತೆ ಕುಡಿದು, ಆರಿಹೋಗಿದೆ ಎಂದು ದೂರುವವರು. ಸಂಗತಿ ಕೇಳಿ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಎಲ್ಲಿದೆ ಅಳಿಯಂದ್ರೆ ಬಿಸಿ? ಬಿಸಿ ಅಂದ್ಮೇಲೆ ಕೆಂಪಗಾಗ್ಬೇಕು. ಇದಿನ್ನೂ ಬಣ್ಣಾನೇ ತಿರುಗಿಲ್ಲ. ತಣ್ಣಗಿದೆ ಬಿಡಿ."

ನನಗೆ ಜೀವ ಬಂದಂತಾಯಿತು. ಬಿಸಿಯ ವಿಷಯದಲ್ಲಿ ಇವರಿಗಿಂತ ತಿಳಿದವರು ಯಾರಿದ್ದಾರೆ? ನನ್ನ ಅಭಿಪ್ರಾಯವನ್ನೇ ಹೇಳುವ ತಜ್ಞರನ್ನು ನಾನು ಯಾವತ್ತೂ ಅನುಮಾನಿಸುವುದಿಲ್ಲ. ಉತ್ಸಾಹದಿಂದ ಪ್ರಿಂಟ್ ಕೊಟ್ಟು, ಮಾವನಿಗೆ ಬಾಳೆಹಣ್ಣು ತರಲು ಹೊರಗೆ ಹೋದೆ.

ಬಂದು ನೋಡಿದರೆ ಫ್ಯಾನು ನಿಂತಿದೆ, ಕಂಪ್ಯೂಟರೂ ನಿಂತಿದೆ, ಕಾಗದ ಪ್ರಿಂಟರಿನ ಬಾಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿದೆ.

"ಫ್ಯಾನ್ ನಾನೇ ಆರಿಸ್ದೆ" ಎಂದರು ಮಾವ. "ಅಲ್ರೀ, ಕುಲುಮೆಗೆ ಗಾಳಿ ಊದೋದೇ ಬಿಸಿ ಏರ್ಲಿ ಅಂತ. ನೀವು ಬಿಸಿ ಆಯ್ತು, ಬಿಸಿ ಆಯ್ತು ಅಂತೀರಿ, ಮೇಲಿಂದ ಗಾಳೀನೂ ಬಿಡ್ತೀರಿ!"

ಕಾಗದ ಎಳೆದು ಅವರ ಕೈಗೆ ಕೊಟ್ಟೆ. ನಂದಿ ಬಂದಿತ್ತು, ಬಳ್ಳಿ ಬಂದಿತ್ತು, ಶೈಲಳ ಹೆಸರೂ ಬಂದಿತ್ತು. ವರನ ಹೆಸರು ಇರಬೇಕಾದ ಕಡೆ ಖಾಲಿ. ಮಾವನ ಮುಖ ಸಣ್ಣಗಾಯಿತು. "ಹೆಣ್ಣಿನ ಹೆಸರಿಗೇ ನಿಂತುಹೋಯ್ತಲ್ಲ... ಇದು ನನಗ್ಯಾಕೋ ಸರಿ ಕಾಣ್ತಿಲ್ಲ" ಎಂದು ಆ ಹಾಳೆಯನ್ನು ಮಡಿಸಲೂ ಆರದೆ ಕೈಯಲ್ಲಿ ಹಿಡಿದುಕೊಂಡೇ ಕೂತರು. ಕುಲುಮೆಗೆ ಹೆದರದ ಮನುಷ್ಯ ಒಂದು ಅರ್ಧ ಹಾಳೆಗೆ ಹೆದರಿಬಿಟ್ಟಿದ್ದರು. ನನ್ನ ಹಠ ನನ್ನದು. ಅದಕ್ಕಾಗಿ ಅವರು ಮಗಳ ಮದುವೆಯ ಬಗ್ಗೆ ಯಾಕೆ ಅಂಜಬೇಕು?

ಕಂಪ್ಯೂಟರನ್ನು ಮತ್ತೆ ಆನ್ ಮಾಡಿ, ನೀಲಿ ಪರದೆಗೆ ಹೋಗಿ, ಹಲ್ಲು ಕಚ್ಚಿ ಮೊದಲಿನ ವೇಗಕ್ಕೆ ಇಳಿಸಿದೆ. ಕಾಫಿ ತಂದ ಗಿರಿಜ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಏನ್ ಮಾಡಿದ್ರಿ ಈಗ?" ಎಂದರು ಮಾವ.

"ಇನ್ನೊಂದು ಚೂರು ಏರಿಸ್ದೆ ಮಾವ."

ಗಿರಿಜ ಕಾಫಿ ಇಟ್ಟು ಸರಕ್ಕನೆ ಅಡುಗೆಮನೆಗೆ ಹೋದಳು. ಅಲ್ಲಿಂದ ಕೆಮ್ಮಿದ ಸದ್ದು ಬಂತು. ಕಾರ್ಡು ಒಂದೇ ಸಲಕ್ಕೆ ಪೂರ್ತಿ ಬಂತು, ವರನ ಹೆಸರಿನ ಸಮೇತ. ಮಾವ ಅದನ್ನು ಕಣ್ಣಿಗೊತ್ತಿಕೊಂಡು, "ಏನ್ ವೇಗ ರೀ! ಆಗಿಗೂ ಈಗಿಗೂ ಎಷ್ಟು ವ್ಯತ್ಯಾಸ!" ಎಂದರು.

ಮದುವೆಯ ಪಂಕ್ತಿಯಲ್ಲಿ ಕೂತವರಿಗೆಲ್ಲ ಅವರು ಅದನ್ನೇ ಹೇಳಿದರು. ಹೊಳೆಹೊನ್ನೂರಿನ ನೆಂಟರೊಬ್ಬರು ಊಟ ಬಿಟ್ಟು ನನ್ನ ಹತ್ತಿರ ಬಂದರು. "ನಮ್ಮ ಮನೇದು ಬಹಳ ಸ್ಲೋ ಮಾರಾಯ್ರೆ, ನಿಮ್ಮ ಹಂಗೇ ಏರಿಸಿಕೊಡಿ." ನಾನು ಬಾಯಿ ತೆರೆಯುವ ಮೊದಲೇ ಗಿರಿಜ, "ಅದಕ್ಕೇನು, ಬರ್ತಾರೆ" ಎಂದುಬಿಟ್ಟಳು.

ಹೋದೆ. ಮುಚ್ಚಳ ತೆಗೆದು, ಧೂಳು ಒರೆಸಿ, ಗಂಭೀರವಾಗಿ ಹಾಗೆಯೇ ಮುಚ್ಚಿದೆ. ಭಾರಿ ವೇಗ ಬಂತು ಎಂದು ಅವರು ಇನ್ನಿಬ್ಬರಿಗೆ ಹೇಳಿದರು. ಅವರ ಮನೆಗಳಿಗೂ ಹೋಗಿ ಅಷ್ಟನ್ನೇ ಮಾಡಿದೆ. ವ್ಯತ್ಯಾಸ ಗೊತ್ತಾಗುತ್ತದೆ ಎಂದು ಅವರೂ ಆಣೆಮಾಡಿ ಹೇಳಿದರು. ಕೊನೆಯವರ ಮನೆಯಲ್ಲಂತೂ, ಸತ್ಯ ಹೇಳುತ್ತೇನೆ, ಆ ವ್ಯತ್ಯಾಸ ನನಗೂ ಗೊತ್ತಾಯಿತು.